ಆಫ್ರಿಕದ ಹಳ್ಳಿಯ ಮಗುವೂ ಗಣಕಯಂತ್ರವೂ: ಒಂದು ವಿಮರ್ಶೆ

೧

ವಿದ್ಯಾದಾನವು ದಾನಗಳಲ್ಲೆಲ್ಲ ಮಿಗಿಲಾದುದೆಂಬ ಮಾತು ನಮ್ಮಲ್ಲಿ ಬಹು ಹಳೆಯದು. ಆದರೆ ವಿದ್ಯೆಯನ್ನು ದಾನಮಾಡುವುದಕ್ಕೂ ವಿದ್ಯೆಯ ಉಪಕರಣವನ್ನು ದಾನಮಾಡುವುದಕ್ಕೂ ಇರುವ ಅಂತರವನ್ನು ವಿಚಾರಿಸುವ ಪ್ರಸಂಗ ಆ ಮಾತನ್ನು ಆಡಿದವರಿಗೆ ಒದಗಿರಲಿಲ್ಲ. ಓಲೆಗರಿಯನ್ನೂ ಕಂಟವನ್ನೂ ಕೊಟ್ಟ ಮಾತ್ರಕ್ಕೆ ವಿದ್ಯೆಯನ್ನು ಕೊಟ್ಟಂತಾಯಿತೆಂದು ಅಂದು ಯಾರೂ ಭಾವಿಸುತ್ತಿರಲಿಲ್ಲ. ಕಳೆದ ನಾಲ್ಕು ದಶಕಗಳಲ್ಲಿ ಆಫ್ರಿಕ ಖಂಡದ ಹಳ್ಳಿಗಳ ಮಕ್ಕಳಿಗೆ ಗಣಕಯಂತ್ರವನ್ನು ಒದಗಿಸಲು ನಡೆದಿರುವ ಪ್ರಯತ್ನಗಳ ವೃತ್ತಾಂತವನ್ನು ಓದುವಾಗ ಈ ಅಂತರವೇ ಮತ್ತೆ ಮತ್ತೆ ನಮ್ಮೆದುರು ಬಂದು ನಿಲ್ಲುತ್ತದೆ.

ಈ ಪ್ರಯತ್ನಗಳನ್ನು ಕುರಿತು ಪ್ರಶಂಸೆಯೂ ಹೇರಳವಾಗಿದೆ, ನಿಂದೆಯೂ ಹೇರಳವಾಗಿದೆ. ವಿಮರ್ಶೆ ಮಾತ್ರ ವಿರಳ. ೧೯೮೭ರಲ್ಲಿ ಸೀಮೋರ್ ಪ್ಯಾಪರ್ಟ್ ಎಂಬ ಗಣಿತಜ್ಞನು ಬರೆದ ಒಂದು ಪ್ರಬಂಧದಲ್ಲಿ, ಸಾಹಿತ್ಯಕ್ಕೆ ಸಾಹಿತ್ಯವಿಮರ್ಶೆ ಇರುವಂತೆ ಗಣಕಯಂತ್ರಕ್ಕೂ ಒಂದು ವಿಮರ್ಶೆ ಬೇಕೆಂದು ಸೂಚಿಸಿದ್ದನು. ಆ ವಿಮರ್ಶೆಯ ಗುರಿ ಖಂಡನೆಯಾಗಿರದೆ, ವಸ್ತುವನ್ನು ಅರ್ಥಮಾಡಿಕೊಂಡು ಅದರ ಸ್ಥಾನವನ್ನು ಗೊತ್ತುಪಡಿಸುವುದಾಗಿರಬೇಕೆಂಬುದು ಅವನ ಅಭಿಪ್ರಾಯ. ‘ಗಣಕಯಂತ್ರದಿಂದ ಮಗುವಿಗೆ ಏನಾಗುತ್ತದೆ?’ ಎಂಬ ಪ್ರಶ್ನೆಯೇ ತಪ್ಪು. ಮರದಿಂದ ಒಳ್ಳೆಯ ಮನೆಯಾಗುತ್ತದೆಯೆ ಎಂದು ಕೇಳಿ, ಬಡಗಿಯನ್ನು ಮರೆತಂತೆ ಅದು, ಎಂದು ಅವನು ವಾದಿಸಿದನು. ಪ್ರಕೃತ ಲೇಖನವು ಆ ಸೂಚನೆಯನ್ನೇ ಹಿಡಿದು ಹೊರಟಿದೆ. ನಾನು ಶಿಕ್ಷಣಶಾಸ್ತ್ರಜ್ಞನಲ್ಲ, ಬ್ಯಾಂಕಿನ ನೌಕರಿಯಲ್ಲಿದ್ದು ಹಗಲಲ್ಲಿ ಲೆಕ್ಕದ ಪುಸ್ತಕಗಳನ್ನೂ ರಾತ್ರಿಯಲ್ಲಿ ಉಳಿದ ಪುಸ್ತಕಗಳನ್ನೂ ಓದುವವನು. ಆದಕಾರಣ ಇಲ್ಲಿ ಎರಡು ಬಗೆಯ ಓದಿನ ಗುರುತೂ ವಾಚಕರಿಗೆ ಕಂಡುಬಂದರೆ ಆಶ್ಚರ್ಯವಿಲ್ಲ.

೨

ಪ್ಯಾಪರ್ಟ್ ಹುಟ್ಟಿದುದು ೧೯೨೮ರಲ್ಲಿ, ದಕ್ಷಿಣ ಆಫ್ರಿಕದ ಪ್ರಿಟೋರಿಯದಲ್ಲಿ. ತರುಣನಾಗಿದ್ದಾಗ ವರ್ಣಭೇದ ನೀತಿಯ ವಿರುದ್ಧದ ಚಟುವಟಿಕೆಗಳಲ್ಲಿ ತೊಡಗಿದ್ದವನು. ಮುಂದೆ ಜಿನೀವದಲ್ಲಿ ಝಾನ್ ಪಿಯಾಜೆಯೊಡನೆ ೧೯೫೮ರಿಂದ ೧೯೬೩ರವರೆಗೆ ಕೆಲಸಮಾಡಿ, ಮಗುವು ಜ್ಞಾನವನ್ನು ಹೊರಗಿನಿಂದ ತುಂಬಿಸಿಕೊಳ್ಳುವುದಿಲ್ಲ, ಒಳಗೆ ತಾನೇ ಕಟ್ಟಿಕೊಳ್ಳುತ್ತದೆ ಎಂಬ ತತ್ತ್ವವನ್ನು ಅವನಿಂದ ಪಡೆದನು. ೧೯೬೭ರಲ್ಲಿ ಸಂಗಡಿಗರೊಂದಿಗೆ ಲೋಗೋ ಎಂಬ, ಮಕ್ಕಳು ಬಳಸಬಹುದಾದ ಗಣಕಭಾಷೆಯನ್ನು ರೂಪಿಸಿದನು. ೧೯೮೦ರಲ್ಲಿ ಹೊರಬಂದ ‘ಮೈಂಡ್‌ಸ್ಟಾರ್ಮ್ಸ್’ ಗ್ರಂಥವು ಈ ವಿಚಾರಗಳ ಸಮಗ್ರ ನಿರೂಪಣೆ. ಫ್ರಾನ್ಸಿನಲ್ಲಿ ಬೆಳೆಯುವ ಮಗು ಯಾರೂ ಪಾಠ ಹೇಳದೆಯೇ ಫ್ರೆಂಚನ್ನು ಕಲಿಯುತ್ತದೆ. ಅಂತೆಯೇ ಗಣಿತವೇ ಆಡುಮಾತಾಗಿರುವ ಒಂದು ನಾಡನ್ನು ನಿರ್ಮಿಸಿದರೆ ಮಗು ಗಣಿತವನ್ನೂ ಹಾಗೆಯೇ ಕಲಿಯುತ್ತದೆ. ಗಣಕಯಂತ್ರವು ಅಂತಹ ನಾಡು. ಇದು ಆ ಗ್ರಂಥದ ಹೃದಯ.

ಈ ಉಪಮೆ ಮನೋಹರವಾಗಿದೆ. ಆದರೆ ಉಪಮೆಯನ್ನು ತುಸು ತಡೆದು ನೋಡಬೇಕು. ಫ್ರಾನ್ಸಿನ ಮಗುವಿಗೆ ಫ್ರೆಂಚನ್ನು ಕಲಿಸುವವರು ಯಾರೂ ಇಲ್ಲವೆಂಬುದು ನಿಜವೆ? ತಾಯಿಯಿದ್ದಾಳೆ, ಅಜ್ಜಿಯಿದ್ದಾಳೆ, ಬೀದಿಯ ಮಕ್ಕಳಿದ್ದಾರೆ. ಪಾಠವೆಂಬ ಹೆಸರಿಲ್ಲದಿದ್ದರೂ ದಿನವಿಡೀ ಪಾಠ ನಡೆಯುತ್ತಲೇ ಇರುತ್ತದೆ. ಹೊರನಾಡಿನಲ್ಲಿ ಮಕ್ಕಳನ್ನು ಬೆಳೆಸುತ್ತಿರುವ ನಮಗೆ ಈ ಮಾತನ್ನು ವಿವರಿಸಿ ಹೇಳಬೇಕಾಗಿಲ್ಲ. ಮನೆಯಲ್ಲಿ ಆಡುವವರಿದ್ದರೆ ಮಕ್ಕಳಿಗೆ ಕನ್ನಡ ಬರುತ್ತದೆ. ಕಪಾಟಿನಲ್ಲಿ ಕನ್ನಡ ಪುಸ್ತಕಗಳು ಮಾತ್ರವಿದ್ದರೆ ಬರುವುದಿಲ್ಲ. ಪ್ಯಾಪರ್ಟನ ಉಪಮೆಯಲ್ಲಿ ಜನ ಅಡಗಿದ್ದಾರೆ. ಅವನ ಹಿಂಬಾಲಕರು ಉಪಮೆಯನ್ನು ತೆಗೆದುಕೊಂಡು ಜನರನ್ನು ಬಿಟ್ಟರು. ಮುಂದಿನ ಕಥೆಯ ಬಹುಭಾಗ ಈ ಬಿಟ್ಟುಹೋದುದರ ಕಥೆ.

೧೯೮೨ರಲ್ಲಿ, ಝಾನ್ ಝಾಕ್ ಸರ್ವಾನ್ ಶ್ರೈಬರ್ ಎಂಬ ಫ್ರೆಂಚ್ ಪತ್ರಕರ್ತ ಹಾಗೂ ರಾಜಕಾರಣಿ ಪ್ಯಾರಿಸ್ಸಿನಲ್ಲಿ ಸ್ಥಾಪಿಸಿದ ಕೇಂದ್ರದ ಆಶ್ರಯದಲ್ಲಿ, ಪ್ಯಾಪರ್ಟನೂ ನಿಕೊಲಾಸ್ ನೆಗ್ರೊಪಾಂಟೆಯೂ ಸೆನೆಗಲ್ ದೇಶದ ಡಕಾರ್ ನಗರದ ಹೊರವಲಯದ ಶಾಲೆಯ ಮಕ್ಕಳಿಗೆ ಆಪಲ್ ಕಂಪನಿಯ ಗಣಕಯಂತ್ರಗಳನ್ನು ಒದಗಿಸಿದರು. ಆಫ್ರಿಕದ ಮಗುವಿಗೂ ಗಣಕಯಂತ್ರಕ್ಕೂ ನಡೆದ ಮೊದಮೊದಲ ಭೇಟಿಗಳಲ್ಲಿ ಇದೊಂದು. ಪ್ಯಾರಿಸ್ಸಿನ ಕೇಂದ್ರವು ಒಳಜಗಳಗಳಲ್ಲಿ ಸಿಲುಕಿತು. ಅಮೆರಿಕದ ವಿದ್ವಾಂಸರು ಬಹುಬೇಗ ಅದನ್ನು ಬಿಟ್ಟು ಹಿಂದಿರುಗಿದರು. ಆದರೆ ಆ ಭೇಟಿಯಲ್ಲಿ ಮೊಳೆತ ನಂಬಿಕೆ ಉಳಿಯಿತು.

೩

೨೦೦೫ರ ಜನವರಿಯಲ್ಲಿ ನೆಗ್ರೊಪಾಂಟೆ ನೂರು ಡಾಲರ್ ಬೆಲೆಯ ಲ್ಯಾಪ್‌ಟಾಪಿನ ಯೋಜನೆಯನ್ನು ಡಾವೋಸ್ ಸಮಾವೇಶದಲ್ಲಿ ಪ್ರಕಟಿಸಿದನು. ಅದೇ ವರ್ಷದ ನವೆಂಬರಿನಲ್ಲಿ, ಆಫ್ರಿಕದ್ದೇ ಆದ ಟ್ಯೂನಿಸ್ ನಗರದಲ್ಲಿ ನಡೆದ ವಿಶ್ವಸಂಸ್ಥೆಯ ಸಮ್ಮೇಳನದಲ್ಲಿ, ಘಾನಾ ದೇಶದವರಾದ ಮಹಾಕಾರ್ಯದರ್ಶಿ ಕೋಫಿ ಅನ್ನಾನರ ಸಮ್ಮುಖದಲ್ಲಿ ಅದರ ಮಾದರಿಯನ್ನು ಪ್ರದರ್ಶಿಸಲಾಯಿತು. ವಿದ್ಯುತ್ತಿಲ್ಲದ ಊರುಗಳಲ್ಲಿ ಕೈಯಿಂದ ತಿರುಗಿಸಿ ಶಕ್ತಿಯನ್ನು ಪಡೆಯಲೆಂದು ಅದಕ್ಕೊಂದು ಹಳದಿಯ ಹಿಡಿ ಇತ್ತು. ಪ್ರದರ್ಶನದ ವೇಳೆಗೇ ಅದು ಕಳಚಿ ಕೈಗೆ ಬಂದಿತು. ತಯಾರಾಗಿ ಬಂದ ಯಂತ್ರದಲ್ಲಿ ಆ ಹಿಡಿಯೇ ಇರಲಿಲ್ಲ. ೨೦೦೭ರ ಕೊನೆಯಲ್ಲಿ ಉತ್ಪಾದನೆ ಆರಂಭವಾದಾಗ ಬೆಲೆಯೂ ೧೮೮ ಡಾಲರುಗಳ ಸುಮಾರಿಗೆ ಏರಿತ್ತು.

ಈ ಹಿಡಿಯ ಪ್ರಸಂಗವನ್ನು ಹೇಳಿ ನಗುವುದು ಸುಲಭ, ಅನೇಕರು ನಕ್ಕಿದ್ದಾರೆ. ವಿಮರ್ಶಕನು ಅಲ್ಲಿಗೆ ನಿಲ್ಲಬಾರದು. ಯಂತ್ರವಾಗಿ ಅದು ಉತ್ತಮ ಕೃತಿ. ಬಿಸಿಲಿನಲ್ಲಿಯೂ ಓದಬಹುದಾದ ಪರದೆ, ಧೂಳೂ ನೀರೂ ನುಗ್ಗದ ಕೀಲಿಮಣೆ, ಅತ್ಯಲ್ಪ ವಿದ್ಯುತ್ತಿನ ಬಳಕೆ, ಒಂದು ಯಂತ್ರ ಇನ್ನೊಂದರೊಡನೆ ನೇರವಾಗಿ ಸಂಪರ್ಕಿಸಬಲ್ಲ ಏರ್ಪಾಡು, ಯಾರು ಬೇಕಾದರೂ ತೆರೆದು ತಿದ್ದಬಹುದಾದ ತಂತ್ರಾಂಶ ಇವೆಲ್ಲ ಹಳ್ಳಿಯ ಮಗುವನ್ನು ಕಣ್ಣೆದುರಿಟ್ಟುಕೊಂಡೇ ಆಲೋಚಿಸಿದವು. ದೋಷವಿದ್ದುದು ಯಂತ್ರದ ಸುತ್ತಣ ಸಿದ್ಧಾಂತದಲ್ಲಿ. ಯಂತ್ರವು ಮಗುವಿನ ಸ್ವಂತದ್ದಾಗಿರಬೇಕು, ಎಳೆಯ ವಯಸ್ಸಿನಲ್ಲೇ ದೊರಕಬೇಕು, ಒಂದೆಡೆಯ ಎಲ್ಲ ಮಕ್ಕಳಿಗೂ ದೊರಕಬೇಕು, ಜಾಲದ ಸಂಪರ್ಕವಿರಬೇಕು, ತಂತ್ರಾಂಶ ಮುಕ್ತವಾಗಿರಬೇಕು ಎಂದು ಅದರ ಸೂತ್ರಗಳು ಐದು. ಐದರಲ್ಲಿ ಒಂದರಲ್ಲಿಯೂ ಉಪಾಧ್ಯಾಯನ ಹೆಸರಿಲ್ಲ. ಮಗುವಿನ ಭಾಷೆಯ ಹೆಸರೂ ಇಲ್ಲ.

ನೈಜೀರಿಯದಲ್ಲಿ ಹತ್ತು ಲಕ್ಷ ಯಂತ್ರಗಳ ಮಾತು ನಡೆದು, ೨೦೦೭ರಲ್ಲಿ ರಾಜಧಾನಿ ಅಬುಜದ ಸಮೀಪದ ಗಲಾಡಿಮದ ಶಾಲೆಯಲ್ಲಿ ಪ್ರಯೋಗವೂ ಆರಂಭವಾಯಿತು. ಸರಕಾರ ಬದಲಾದ ಮೇಲೆ ಆ ಮಾತು ಕೈಗೂಡಲಿಲ್ಲ. ಆಫ್ರಿಕದಲ್ಲಿ ಈ ಯೋಜನೆಯನ್ನು ದೃಢವಾಗಿ ಹಿಡಿದ ದೇಶವೆಂದರೆ ರುವಾಂಡ. ೧೯೯೪ರ ಘೋರ ನರಮೇಧದಿಂದ ಎದ್ದು ನಿಂತ ಆ ಪುಟ್ಟ ದೇಶ ೨೦೦೮ರಿಂದ ಮೊದಲ್ಗೊಂಡು ಎರಡು ಲಕ್ಷಕ್ಕೂ ಹೆಚ್ಚು ಯಂತ್ರಗಳನ್ನು ತನ್ನ ಶಾಲೆಗಳಿಗೆ ಹಂಚಿತು. ಇಲ್ಲಿ ಓದುಗರು ಗಮನಿಸಬೇಕಾದ ಒಂದು ಸಂಗತಿಯಿದೆ. ರುವಾಂಡದ ಜನರೆಲ್ಲರೂ ಬಹುತೇಕ ಒಂದೇ ಭಾಷೆಯನ್ನು, ಕಿನ್ಯರುವಾಂಡವನ್ನು, ಆಡುವವರು. ಆಫ್ರಿಕದಲ್ಲಿ ಇದು ಅಪೂರ್ವವಾದ ಭಾಗ್ಯ. ಹೀಗಿದ್ದೂ ಅದೇ ೨೦೦೮ರಲ್ಲಿ ಶಿಕ್ಷಣಮಾಧ್ಯಮವನ್ನು ಇಂಗ್ಲಿಷಿಗೆ ಬದಲಿಸುವ ನಿರ್ಣಯವಾಯಿತು. ೨೦೧೧ರಲ್ಲಿ ಮೊದಲ ಮೂರು ತರಗತಿಗಳಿಗೆ ತಾಯ್ನುಡಿ ಮರಳಿತು. ೨೦೧೯ರಲ್ಲಿ ಮತ್ತೆ ಇಂಗ್ಲಿಷು ಮೊದಲ ತರಗತಿಗೆ ಬಂದಿತು. ಮಾಧ್ಯಮ ಬದಲಾದುದಕ್ಕೆ ಲ್ಯಾಪ್‌ಟಾಪು ಕಾರಣವಲ್ಲ. ಅದಕ್ಕೆ ಬೇರೆ ರಾಜಕೀಯ, ಆರ್ಥಿಕ ಕಾರಣಗಳುಂಟು. ಆದರೆ ಉಪಾಧ್ಯಾಯನು ತಾನೇ ಹೊಸ ಭಾಷೆಯನ್ನು ತಡವರಿಸುತ್ತ ಕಲಿಯುತ್ತಿರುವಾಗ ಅವನ ಕೈಗೆ ಹೊಸ ಯಂತ್ರವನ್ನೂ ಕೊಟ್ಟಂತಾಯಿತು. ಎರಡು ಹೊರೆಗಳನ್ನು ಒಮ್ಮೆಗೇ ಹೊತ್ತವನು ಯಾವುದನ್ನು ಕೆಳಗಿಡುತ್ತಾನೆಂಬುದನ್ನು ಊಹಿಸುವುದು ಕಷ್ಟವಲ್ಲ.

೪

ಉಪಾಧ್ಯಾಯನ ಅಗತ್ಯವೇ ಇಲ್ಲವೆಂದು ಸಾಧಿಸಲು ಹೊರಟ ಪ್ರಯೋಗ ಇಥಿಯೋಪಿಯದ್ದು. ೨೦೧೨ರಲ್ಲಿ ವೊಂಚಿ ಮತ್ತು ವೊಲೊಂಚೆಟೆ ಎಂಬೆರಡು ಊರುಗಳಲ್ಲಿ, ಒಂದೊಂದರಲ್ಲಿ ಸುಮಾರು ಇಪ್ಪತ್ತರಂತೆ ಶಾಲೆಯನ್ನೇ ಕಾಣದ ಮಕ್ಕಳಿಗೆ, ಟ್ಯಾಬ್ಲೆಟ್ಟುಗಳನ್ನು ಪೆಟ್ಟಿಗೆಯಲ್ಲಿಟ್ಟು ಕೊಡಲಾಯಿತು; ಬಳಸುವ ಬಗೆಯನ್ನು ಮಕ್ಕಳಿಗೆ ಯಾರೂ ಹೇಳಿಕೊಡಲಿಲ್ಲ. ನಾಲ್ಕು ನಿಮಿಷಗಳಲ್ಲಿ ಒಂದು ಮಗು ಪೆಟ್ಟಿಗೆಯನ್ನು ತೆರೆದು ಗುಂಡಿಯನ್ನು ಒತ್ತಿತು. ಐದು ದಿನಗಳಲ್ಲಿ ಮಗುವೊಂದಕ್ಕೆ ದಿನಕ್ಕೆ ೪೭ ಕಾರ್ಯಕ್ರಮಗಳ ಬಳಕೆಯಾಯಿತು. ಎರಡು ವಾರಗಳಲ್ಲಿ ಮಕ್ಕಳು ಇಂಗ್ಲಿಷ್ ಅಕ್ಷರಮಾಲೆಯ ಹಾಡನ್ನು ಹಾಡಿದರು. ಐದು ತಿಂಗಳಲ್ಲಿ ಯಂತ್ರದ ಬೀಗವನ್ನೇ ಭೇದಿಸಿ, ಮುಚ್ಚಿಟ್ಟಿದ್ದ ಕ್ಯಾಮೆರಾವನ್ನು ಎಚ್ಚರಿಸಿದರು ಎಂದು ನೆಗ್ರೊಪಾಂಟೆ ಅದೇ ವರ್ಷ ವರದಿ ಮಾಡಿದನು. ಈ ವರದಿ ಲೋಕವನ್ನೆಲ್ಲ ಸುತ್ತಿತು.

ಆ ಮಕ್ಕಳ ಚುರುಕುತನವನ್ನು ಕಂಡು ಯಾರ ಮನಸ್ಸಾದರೂ ಅರಳುತ್ತದೆ. ಆದರೆ ಈ ವೃತ್ತಾಂತವನ್ನು ಒಂದು ಪಠ್ಯದಂತೆ ಓದಿದಾಗ ಮೂರು ವಿಷಯಗಳು ತೋರಿಬರುತ್ತವೆ. ಮೊದಲನೆಯದಾಗಿ, ಅಲ್ಲಿ ಮನುಷ್ಯರ ನೆರವೇ ಇರಲಿಲ್ಲವೆಂಬುದು ಪೂರ್ಣಸತ್ಯವಲ್ಲ. ಸೌರಫಲಕದಿಂದ ಯಂತ್ರಕ್ಕೆ ಶಕ್ತಿ ತುಂಬುವ ಬಗೆಯನ್ನು ಊರಿನ ಹಿರಿಯರಿಗೆ ಕಲಿಸಲಾಗಿತ್ತು. ವಾರಕ್ಕೊಮ್ಮೆ ತಂತ್ರಜ್ಞನೊಬ್ಬನು ಬಂದು ನೆನಪಿನ ಬಿಲ್ಲೆಗಳನ್ನು ಬದಲಿಸಿಕೊಂಡು ಹೋಗುತ್ತಿದ್ದನು. ಎರಡನೆಯದಾಗಿ, ತೆರೆಯುವುದೂ ಒತ್ತುವುದೂ ಹಾಡುವುದೂ ಕಲಿಕೆಯ ಬಾಗಿಲು. ಬಾಗಿಲಲ್ಲಿ ನಿಂತವನನ್ನು ಮನೆಯೊಳಗಣವನೆಂದು ಎಣಿಸಬಾರದು. ಮೂರನೆಯದಾಗಿ, ಆ ಊರುಗಳು ಒರೊಮಿಯ ಪ್ರಾಂತದವು. ಅಲ್ಲಿನ ನುಡಿ ಒರೊಮೊ. ಕೋಟ್ಯಂತರ ಜನರ ಮಾತು ಅದು. ಮಕ್ಕಳು ಹಾಡಿದುದು ಮಾತ್ರ ಇಂಗ್ಲಿಷಿನ ಅಕ್ಷರಗಳನ್ನು. ತನಗೆ ತಿಳಿಯದ ಭಾಷೆಯ ಅಕ್ಷರಗಳನ್ನು ಮಗು ಹಾಡಿತೆಂಬುದನ್ನು ಅಕ್ಷರಾಭ್ಯಾಸವೆಂದು ಕರೆಯಬಹುದೇ ಎಂಬುದು ವಿಚಾರಾರ್ಹ.

ಈ ನಂಬಿಕೆಯ ಇನ್ನೊಂದು ಕವಲು ನಮ್ಮ ದೇಶದಿಂದಲೇ ಆಫ್ರಿಕಕ್ಕೆ ಹೋದುದು. ೧೯೯೯ರಲ್ಲಿ ದೆಹಲಿಯ ಕಾಲ್ಕಾಜಿಯಲ್ಲಿ ಸುಗತ ಮಿತ್ರರು ಗೋಡೆಯಲ್ಲಿ ಕಂಡಿಯನ್ನು ಕೊರೆದು ಗಣಕಯಂತ್ರವನ್ನು ಇರಿಸಿದ ಪ್ರಯೋಗವನ್ನು ದೆಹಲಿಯ ಕನ್ನಡಿಗರು ಬಲ್ಲರು. ಅದರ ಪ್ರೇರಣೆಯಿಂದ ೨೦೦೨ರಲ್ಲಿ ದಕ್ಷಿಣ ಆಫ್ರಿಕದ ಪೂರ್ವ ಕೇಪ್ ಪ್ರಾಂತದ ಕೀ ಮೌತ್ ಬಳಿಯ ಕ್ವಿಲಿ ಎಂಬ ಊರಿನಲ್ಲಿ, ಅಲ್ಲಿನ ಸರಕಾರದ ವಿಜ್ಞಾನ ಇಲಾಖೆಯೂ ಸಂಶೋಧನ ಮಂಡಲಿಯೂ ಕೂಡಿ, ಗಟ್ಟಿಮುಟ್ಟಾದ ಉಕ್ಕಿನ ಕವಚದ ಗಣಕಯಂತ್ರವನ್ನು ಸಾರ್ವಜನಿಕವಾಗಿ ಇರಿಸಿದವು. ಮಕ್ಕಳು ಮುಗಿಬಿದ್ದು ಕಲಿತರು. ಆದರೆ ದೆಹಲಿಯ ಮೂಲಪ್ರಯೋಗವನ್ನೇ ನೋಡಿದ ಮಾರ್ಕ್ ವಾರ್ಶಾವರ್ ೨೦೦೩ರ ತಮ್ಮ ಗ್ರಂಥದಲ್ಲಿ, ಅಲ್ಲಿ ಹಿಂದಿಯಲ್ಲಿ ಓದಲು ತಕ್ಕ ಸಾಮಗ್ರಿಯಿರಲಿಲ್ಲವೆಂದೂ ಮಕ್ಕಳ ಹೊತ್ತು ಬಹುಮಟ್ಟಿಗೆ ಚಿತ್ರ ಬರೆಯುವುದರಲ್ಲಿಯೂ ಆಟಗಳಲ್ಲಿಯೂ ಕಳೆಯುತ್ತಿತ್ತೆಂದೂ ಬರೆದರು. ಪಾಯಲ್ ಅರೋರಾ ಅವರು ಹಿಮಾಲಯದ ತಪ್ಪಲಿನ ಆಲ್ಮೋರದ ಕಡೆಯ ಇಂತಹ ಕಂಡಿಗಳನ್ನು ಹುಡುಕಿ ಹೋದಾಗ ಅವು ನಿಂತುಹೋಗಿದ್ದವು. ಕುತೂಹಲವು ಕಲಿಕೆಯನ್ನು ಹೊತ್ತಿಸಬಲ್ಲುದು; ಉರಿ ಆರದಂತೆ ನೋಡಿಕೊಳ್ಳಲು ಪಕ್ಕದಲ್ಲಿ ಯಾರಾದರೂ ಕುಳಿತಿರಬೇಕು.

೫

ಇಲ್ಲಿಯವರೆಗಿನ ಮಾತನ್ನು ಓದಿ, ಆಫ್ರಿಕದ ಹಳ್ಳಿಗೆ ಗಣಕಯಂತ್ರವೇ ಬೇಡವೆಂಬುದು ಲೇಖಕನ ಮತವೆಂದು ಯಾರಾದರೂ ತಿಳಿದರೆ ಅದು ನನ್ನ ಬರವಣಿಗೆಯ ದೋಷ. ಹೊಟ್ಟೆಗಿಲ್ಲದವನಿಗೆ ಯಂತ್ರವೇಕೆ ಎಂಬ ವಾದ ಕೇಳಲು ಕರುಣೆಯಂತಿದ್ದರೂ ಅದರೊಳಗೆ ಒಂದು ತಾತ್ಸಾರ ಅಡಗಿದೆ. ನಗರದ ನಮ್ಮ ಮಕ್ಕಳಿಗೆ ಆ ಪ್ರಶ್ನೆಯನ್ನು ನಾವು ಹಾಕುವುದಿಲ್ಲ. ಬ್ಯಾಂಕಿನವನಾದ ನಾನು ಈ ವಾದಕ್ಕೆ ಕೊಡುವ ಉತ್ತರ ಕೀನ್ಯದ ಎಂಪೆಸಾ. ಊರು ಬಿಟ್ಟು ನೈರೋಬಿಗೆ ದುಡಿಯಲು ಬಂದವರು ಹಳ್ಳಿಯ ಮನೆಗೆ ಹಣ ಕಳುಹಿಸಲು ಬಸ್ಸಿನ ಚಾಲಕರನ್ನೂ ಊರಿಗೆ ಹೊರಟ ನೆಂಟರನ್ನೂ ನಂಬಿದ್ದರು. ಮನಿಯಾರ್ಡರಿನ ಕಾಲವನ್ನು ಹಿರಿಯರ ಬಾಯಲ್ಲಿ ಕೇಳಿರುವ ನಮಗೆ ಇದು ಅಪರಿಚಿತವಲ್ಲ. ೨೦೦೭ರ ಮಾರ್ಚಿನಲ್ಲಿ ಆರಂಭವಾದ ಆ ಸೇವೆಯು ತೀರ ಸಾಮಾನ್ಯವಾದ ಮೊಬೈಲಿನ ಮೂಲಕ ಹಣವನ್ನು ಊರಿಗೆ ತಲುಪಿಸಿತು. ಬ್ಯಾಂಕಿನ ಶಾಖೆಗಳು ತಲುಪದ ಮನೆಗಳನ್ನು ಅದು ತಲುಪಿತು. ಅದನ್ನು ಬಳಸಲು ಹಳ್ಳಿಯ ಮುದುಕಿಗೆ ಯಾರೂ ತರಬೇತಿಯ ಶಿಬಿರವನ್ನು ನಡೆಸಲಿಲ್ಲ. ಅಗತ್ಯ ಮೊದಲೇ ಇತ್ತು, ಸ್ವಾಹಿಲಿಯಲ್ಲಿಯೂ ಬಳಸಬಹುದಾಗಿತ್ತು, ಎಲ್ಲಕ್ಕಿಂತ ಮಿಗಿಲಾಗಿ, ಊರ ಅಂಗಡಿಯವನೇ ಪ್ರತಿನಿಧಿಯಾಗಿ ಕುಳಿತು ಗುಂಡಿ ಒತ್ತುವುದನ್ನು ತೋರಿಸಿಕೊಟ್ಟನು. ಅಗತ್ಯ, ಭಾಷೆ, ಪರಿಚಿತನಾದ ಮನುಷ್ಯ: ಈ ಮೂರು ಕೂಡಿದಲ್ಲಿ ಯಂತ್ರ ನೆಲೆಯೂರುತ್ತದೆ.

ಮಕ್ಕಳ ವಿಷಯದಲ್ಲಿಯೂ ಇದಕ್ಕೆ ನಿದರ್ಶನಗಳುಂಟು. ೨೦೧೪ರಲ್ಲಿ ಪ್ರಕಟವಾದ ಒಂದು ಕೋಟಿ ಐವತ್ತು ಲಕ್ಷ ಡಾಲರುಗಳ ಜಾಗತಿಕ ಕಲಿಕೆಯ ಎಕ್ಸ್‌ಪ್ರೈಜ್ ಸ್ಪರ್ಧೆಯ ಅಂತಿಮ ಪರೀಕ್ಷೆ ಟಾಂಜಾನಿಯದ ಟಾಂಗಾ ಪ್ರಾಂತದ ಸುಮಾರು ೧೭೦ ಹಳ್ಳಿಗಳಲ್ಲಿ ೧೫ ತಿಂಗಳು ನಡೆಯಿತು. ತಂತ್ರಾಂಶವೆಲ್ಲ ಸ್ವಾಹಿಲಿಯಲ್ಲಿ ಇರಬೇಕೆಂಬುದು ನಿಬಂಧನೆ. ಆ ಮಕ್ಕಳಲ್ಲಿ ನೂರಕ್ಕೆ ೭೪ ಮಂದಿ ಶಾಲೆಗೆ ಹೋದವರಲ್ಲ. ನೂರಕ್ಕೆ ೯೦ಕ್ಕೂ ಹೆಚ್ಚು ಮಂದಿಗೆ ಸ್ವಾಹಿಲಿಯ ಒಂದು ಪದವನ್ನೂ ಓದಲು ಬರುತ್ತಿರಲಿಲ್ಲ. ಪರೀಕ್ಷೆಯ ಕೊನೆಗೆ ಈ ಎರಡನೆಯ ಸಂಖ್ಯೆ ಅರ್ಧಕ್ಕೆ ಇಳಿಯಿತು. ೨೦೧೯ರಲ್ಲಿ ‘ಕಿಟ್‌ಕಿಟ್ ಸ್ಕೂಲ್’ ಮತ್ತು ‘ಒನ್‌ಬಿಲಿಯನ್’ ತಂಡಗಳು ಬಹುಮಾನವನ್ನು ಸಮನಾಗಿ ಹಂಚಿಕೊಂಡವು. ಲೆಕ್ಕದ ಎರಡೂ ಬದಿಗಳನ್ನು ಓದಬೇಕು. ಅಕ್ಷರವಿಲ್ಲದ ಮಕ್ಕಳಲ್ಲಿ ಅರ್ಧದಷ್ಟು ಮಂದಿ ಶಾಲೆಯಿಲ್ಲದೆ ಓದಿನ ಹೊಸ್ತಿಲನ್ನು ದಾಟಿದರೆಂಬುದು ಸಣ್ಣ ಸಾಧನೆಯಲ್ಲ. ಉಳಿದ ಅರ್ಧಕ್ಕೆ ಹದಿನೈದು ತಿಂಗಳ ಬಳಿಕವೂ ಒಂದು ಪದ ಓದಲು ಬರಲಿಲ್ಲವೆಂಬುದೂ ಸಣ್ಣ ಸಂಗತಿಯಲ್ಲ.

ಇಥಿಯೋಪಿಯದ ಪೆಟ್ಟಿಗೆಗೂ ಟಾಂಗಾದ ಟ್ಯಾಬ್ಲೆಟ್ಟಿಗೂ ಇರುವ ಮುಖ್ಯ ವ್ಯತ್ಯಾಸ ಭಾಷೆ. ಟಾಂಜಾನಿಯ ೧೯೬೭ರಿಂದ ಪ್ರಾಥಮಿಕ ಶಿಕ್ಷಣವನ್ನು ಸ್ವಾಹಿಲಿಯಲ್ಲಿ ನಡೆಸುತ್ತ ಬಂದ ದೇಶ. ಆದುದರಿಂದಲೇ ತಂತ್ರಾಂಶಕ್ಕೆ ಬೇಕಾದ ಪದ, ಪಾಠ, ಕಥೆ ಎಲ್ಲವೂ ಅಲ್ಲಿ ದೊರಕಿದವು. ಟಾಂಗಾದ ಹಳ್ಳಿಗಳಲ್ಲಿ ಸಾಂಬಾ, ಜಿಗುಲ ಮೊದಲಾದ ಮನೆಮಾತುಗಳಿವೆ. ಸ್ವಾಹಿಲಿಯೂ ಎಲ್ಲ ಮಕ್ಕಳಿಗೆ ತಾಯ್ನುಡಿಯಲ್ಲ. ಆದರೂ ಅದು ಸಂತೆಯ ನುಡಿ, ಬೀದಿಯ ನುಡಿ. ಕಿವಿಗೆ ಬಿದ್ದ ನುಡಿ. ಮಲಾವಿ ದೇಶದಲ್ಲಿ ಅದೇ ‘ಒನ್‌ಬಿಲಿಯನ್’ ಸಂಸ್ಥೆ ಚಿಚೇವ ನುಡಿಯಲ್ಲಿ ಗಣಿತದ ಪಾಠಗಳನ್ನು ಸಿದ್ಧಪಡಿಸಿತು. ನಾಟಿಂಗ್‌ಹ್ಯಾಮ್ ವಿಶ್ವವಿದ್ಯಾನಿಲಯದ ನಿಕೊಲಾ ಪಿಚ್‌ಫರ್ಡ್ ೨೦೧೫ರಲ್ಲಿ ಪ್ರಕಟಿಸಿದ ಅಧ್ಯಯನವು ರಾಜಧಾನಿಯ ಒಂದು ಶಾಲೆಯಲ್ಲಿ ಎಂಟು ವಾರಗಳಲ್ಲಿ ಮಕ್ಕಳ ಗಣಿತಜ್ಞಾನ ಹೆಚ್ಚಿದುದನ್ನು ತೋರಿಸಿತು. ಆ ಅಧ್ಯಯನದ ಸೂಕ್ಷ್ಮವೆಂದರೆ, ಗಣಿತವಿಲ್ಲದ ಟ್ಯಾಬ್ಲೆಟ್ಟನ್ನು ಪಡೆದ ಮಕ್ಕಳ ಗುಂಪನ್ನೂ ಹೋಲಿಕೆಗೆ ಇಟ್ಟುಕೊಂಡಿದ್ದುದು. ಯಂತ್ರದ ಹೊಸತನದಿಂದ ಬಂದುದೆಷ್ಟು, ಪಾಠದಿಂದ ಬಂದುದೆಷ್ಟು ಎಂಬುದು ಇದರಿಂದ ಬೇರೆಬೇರೆಯಾಗಿ ತಿಳಿಯಿತು. ೨೦೨೨ರಲ್ಲಿ ಮಲಾವಿ ಸರಕಾರವೇ ಈ ಕ್ರಮವನ್ನು ದೇಶದ ಪ್ರಾಥಮಿಕ ಶಾಲೆಗಳ ಮೊದಲ ನಾಲ್ಕು ತರಗತಿಗಳಿಗೆ ಹಬ್ಬಿಸುವ ಕಾರ್ಯವನ್ನು ಕೈಗೊಂಡಿತು.

ಕೀನ್ಯದ ಮಹಾಲೇಖಕ ಎನ್‌ಗೂಗಿ ವಾ ಥಿಯೊಂಗೊ ೧೯೮೬ರ ‘ಡಿಕೊಲೊನೈಸಿಂಗ್ ದಿ ಮೈಂಡ್’ ಗ್ರಂಥದಲ್ಲಿ, ಶಾಲೆಯಲ್ಲಿ ಗಿಕುಯು ಮಾತನಾಡಿ ಸಿಕ್ಕಿಬಿದ್ದ ಮಕ್ಕಳಿಗೆ ದೊರೆಯುತ್ತಿದ್ದ ಶಿಕ್ಷೆಯನ್ನು ವರ್ಣಿಸಿದ್ದಾರೆ. ಮನೆಯ ನುಡಿಯೂ ಶಾಲೆಯ ನುಡಿಯೂ ಬೇರೆಯಾದಾಗ ಮಗುವಿನ ಅನುಭವವೇ ಸೀಳಿಹೋಗುತ್ತದೆಂಬುದು ಅವರ ನಿದಾನ. ೨೦೨೫ರಲ್ಲಿ ತೀರಿಕೊಂಡ ಆ ಹಿರಿಯರ ಮಾತನ್ನು ಗಣಕಯಂತ್ರಕ್ಕೂ ಅನ್ವಯಿಸಿ ನೋಡಬೇಕು. ಬೆತ್ತವಿಲ್ಲದೆ, ಗದರಿಕೆಯಿಲ್ಲದೆ, ಬಣ್ಣದ ಚಿತ್ರಗಳ ಮೂಲಕ ಯಂತ್ರವು ಅದೇ ಸೀಳನ್ನು ಮಾಡಬಲ್ಲುದು. ಮಗುವಿನ ನುಡಿಯನ್ನು ಅರಿತ ಯಂತ್ರವಾದರೆ ಅದನ್ನು ಹೊಲಿಯಲೂ ಬಲ್ಲುದು.

೬

ಇನ್ನು ಖರ್ಚಿನ ಮಾತು. ೨೦೧೩ರ ಚುನಾವಣೆಯಲ್ಲಿ ಕೀನ್ಯದ ಗೆದ್ದ ಪಕ್ಷಗಳು ಮೊದಲ ತರಗತಿಯ ಪ್ರತಿ ಮಗುವಿಗೂ ಲ್ಯಾಪ್‌ಟಾಪ್ ಕೊಡುವುದಾಗಿ ಮಾತುಕೊಟ್ಟಿದ್ದವು. ಗುತ್ತಿಗೆಯ ವ್ಯಾಜ್ಯಗಳಲ್ಲಿ ಕಾಲ ಕಳೆದು, ೨೦೧೬ರಲ್ಲಿ ಅದು ಶಾಲೆಗಳಿಗೆ ಟ್ಯಾಬ್ಲೆಟ್ ಹಂಚುವ ಯೋಜನೆಯಾಗಿ ಹೊರಬಂದಿತು. ಇದೇ ಅವಧಿಯಲ್ಲಿ ಆ ದೇಶದ ಕಿಸುಮು ಪ್ರದೇಶದಲ್ಲಿ ನಡೆದ ಒಂದು ಪ್ರಯೋಗ ಇದಕ್ಕಿಂತ ಬಹು ಕಡಮೆ ಸದ್ದುಮಾಡಿತು. ನನ್ನ ದೃಷ್ಟಿಯಲ್ಲಿ ಅದೇ ಹೆಚ್ಚು ಬೋಧಪ್ರದವಾದುದು. ಕೆಲವು ಶಾಲೆಗಳಲ್ಲಿ ಮಕ್ಕಳ ಕೈಗೆ ಓದುವ ಯಂತ್ರವನ್ನೂ, ಕೆಲವು ಶಾಲೆಗಳಲ್ಲಿ ಉಪಾಧ್ಯಾಯರ ಕೈಗೆ ಟ್ಯಾಬ್ಲೆಟ್ಟನ್ನೂ, ಇನ್ನು ಕೆಲವೆಡೆ ಶಾಲೆಯಿಂದ ಶಾಲೆಗೆ ಹೋಗಿ ಉಪಾಧ್ಯಾಯರಿಗೆ ಸಲಹೆ ನೀಡುವ ಮಾರ್ಗದರ್ಶಕರ ಕೈಗೆ ಟ್ಯಾಬ್ಲೆಟ್ಟನ್ನೂ ಕೊಡಲಾಯಿತು. ೨೦೧೬ರಲ್ಲಿ ಬೆಂಜಮಿನ್ ಪೈಪರ್ ಮತ್ತು ಸಂಗಡಿಗರು ಪ್ರಕಟಿಸಿದ ಫಲಿತಾಂಶದಂತೆ, ಮಕ್ಕಳ ಓದು ಉತ್ತಮಗೊಂಡಿತು. ಆದರೆ ಮೂರು ಕ್ರಮಗಳ ನಡುವೆ ಗಣನೀಯವಾದ ಅಂತರ ಕಾಣಲಿಲ್ಲ. ಯಂತ್ರವಿಲ್ಲದೆ, ಒಳ್ಳೆಯ ಪುಸ್ತಕಗಳಿಂದಲೂ ಉಪಾಧ್ಯಾಯರ ತರಬೇತಿಯಿಂದಲೂ ನಡೆದ ಮೂಲಕಾರ್ಯಕ್ರಮಕ್ಕಿಂತಲೂ ಇವು ಹೆಚ್ಚು ಫಲವನ್ನು ಕೊಡಲಿಲ್ಲ.

ಮಾರ್ಗದರ್ಶಕನೊಬ್ಬನ ಒಂದು ಯಂತ್ರವು ಹಲವಾರು ಶಾಲೆಗಳಿಗೆ ಸಲ್ಲುತ್ತದೆ. ಮಗುವೊಂದರ ಯಂತ್ರ ಆ ಮಗುವಿಗೆ ಮಾತ್ರ ಸಲ್ಲುತ್ತದೆ. ಫಲ ಸಮನಾಗಿದ್ದಲ್ಲಿ ಯಾವುದಕ್ಕೆ ಸಾಲ ಕೊಡಬೇಕೆಂಬುದನ್ನು ನಮ್ಮ ಬ್ಯಾಂಕಿನ ಹೊಸ ಗುಮಾಸ್ತನೂ ಹೇಳಬಲ್ಲನು. ಆದರೆ ಛಾಯಾಚಿತ್ರದಲ್ಲಿ ಚೆನ್ನಾಗಿ ಕಾಣುವುದು ಮಗುವಿನ ಕೈಯ ಯಂತ್ರ. ಮಾರ್ಗದರ್ಶಕನ ಮೋಟಾರು ಸೈಕಲ್ಲಿನ ಚೀಲದಲ್ಲಿರುವ ಯಂತ್ರ ಯಾರ ಕಣ್ಣಿಗೂ ಬೀಳದು. ಜೊತೆಗೆ ಯಂತ್ರದ ಖರೀದಿಯು ಒಂದು ಸಲದ ವೆಚ್ಚ. ವಿದ್ಯುತ್ತು, ದುರಸ್ತಿ, ತರಬೇತಿ, ಸಂಬಳ ಇವು ವರ್ಷ ವರ್ಷದ ವೆಚ್ಚಗಳು. ದಾನಿಗಳು ಮೊದಲನೆಯದನ್ನು ಹರ್ಷದಿಂದ ಕೊಡುತ್ತಾರೆ. ಎರಡನೆಯದು ಬಡಶಾಲೆಯ ತಲೆಯ ಮೇಲೆ ಉಳಿಯುತ್ತದೆ. ಸಹಾರದ ದಕ್ಷಿಣಕ್ಕಿರುವ ಆಫ್ರಿಕದಲ್ಲಿ ಸುಮಾರು ೬೦ ಕೋಟಿ ಜನರಿಗೆ ವಿದ್ಯುತ್ತೇ ಇಲ್ಲವೆಂಬುದನ್ನು ನೆನೆದರೆ ಈ ಎರಡನೆಯ ವೆಚ್ಚದ ಭಾರ ಎಷ್ಟೆಂಬುದು ಮನವರಿಕೆಯಾಗುತ್ತದೆ.

೭

ಈ ಎಲ್ಲ ಅನುಭವಗಳಿಂದ ಒಂದು ಸೂತ್ರವನ್ನು ತೆಗೆದವರು ಕೆಂಟಾರೊ ಟೊಯಾಮ. ೨೦೦೨ರಲ್ಲಿ ಘಾನಾದ ಅಶೇಸಿ ವಿಶ್ವವಿದ್ಯಾನಿಲಯದಲ್ಲಿ ಗಣಿತವನ್ನು ಕಲಿಸಿ, ೨೦೦೫ರಿಂದ ಬೆಂಗಳೂರಿನ ಮೈಕ್ರೊಸಾಫ್ಟ್ ಸಂಶೋಧನಾಲಯದ ಸ್ಥಾಪಕರಲ್ಲೊಬ್ಬರಾಗಿ ದುಡಿದವರು. ಒಂದು ಗಣಕಯಂತ್ರದ ಮುಂದೆ ಹಲವು ಮಕ್ಕಳು ಮುಗಿಬಿದ್ದು ಒಬ್ಬನೇ ಮೌಸನ್ನು ಹಿಡಿದಿರುವುದನ್ನು ಕಂಡು, ಒಂದೇ ಯಂತ್ರಕ್ಕೆ ಹಲವು ಮೌಸುಗಳನ್ನು ಜೋಡಿಸುವ ಉಪಾಯವನ್ನು ಅವರ ಬಳಗವು ೨೦೦೬ರ ಸುಮಾರಿಗೆ ರೂಪಿಸಿತು. ಹೀಗೆ ತಾವೇ ಇಂತಹ ಉಪಾಯಗಳನ್ನು ಕಂಡುಹಿಡಿದ ಬಳಿಕ, ೨೦೧೫ರ ‘ಗೀಕ್ ಹೆರೆಸಿ’ ಗ್ರಂಥದಲ್ಲಿ ಅವರು ಹೇಳಿದ ಸೂತ್ರವೆಂದರೆ, ತಂತ್ರಜ್ಞಾನವು ಇರುವ ಮಾನವಶಕ್ತಿಯನ್ನು ವರ್ಧಿಸುತ್ತದೆ, ಇಲ್ಲದುದನ್ನು ಹುಟ್ಟಿಸುವುದಿಲ್ಲ. ಒಳ್ಳೆಯ ಶಾಲೆಯನ್ನು ಅದು ಇನ್ನೂ ಒಳ್ಳೆಯದಾಗಿಸುತ್ತದೆ, ಕೆಟ್ಟ ಶಾಲೆಯನ್ನು ಎತ್ತಲಾರದು.

ಈ ಸೂತ್ರವನ್ನು ನಾನು ಬಹುಮಟ್ಟಿಗೆ ಒಪ್ಪುತ್ತೇನೆ. ಆದರೆ ಇದನ್ನು ಅಕ್ಷರಶಃ ಹಿಡಿದರೆ, ಶಾಲೆಯೇ ಇಲ್ಲದ ಟಾಂಗಾದ ಹಳ್ಳಿಯಲ್ಲಿ ಅರ್ಧದಷ್ಟು ಮಕ್ಕಳು ಹೇಗೆ ಓದತೊಡಗಿದರೆಂಬುದಕ್ಕೆ ಸಮಾಧಾನ ದೊರಕುವುದಿಲ್ಲ. ಅಲ್ಲಿ ವರ್ಧಿಸಲು ಇದ್ದುದೇನು? ಮಕ್ಕಳ ಬಾಯಲ್ಲಿದ್ದ ಭಾಷೆ ಇತ್ತು. ತಂತ್ರಾಂಶದೊಳಗೆ ಹುದುಗಿದ ಉಪಾಧ್ಯಾಯರ ಶ್ರಮವಿತ್ತು. ಶಾಲೆಯಿಲ್ಲದ ಕಡೆ ಮಾನವಶಕ್ತಿಯೂ ಇಲ್ಲವೆಂದು ತಿಳಿಯಬಾರದು. ಮೋರ್ಗನ್ ಏಮ್ಸ್ ಅವರ ‘ದಿ ಕರಿಸ್ಮಾ ಮೆಷಿನ್’ (೨೦೧೯) ಗ್ರಂಥವು ಪರಾಗ್ವೆ ದೇಶವನ್ನು ಕುರಿತದ್ದಾದರೂ ಅದರ ಮುಖ್ಯ ಒಳನೋಟ ಇಲ್ಲಿಯೂ ಸಲ್ಲುತ್ತದೆ. ಲ್ಯಾಪ್‌ಟಾಪನ್ನು ರೂಪಿಸಿದವರು ತಮ್ಮ ಬಾಲ್ಯವನ್ನೇ ನೆನೆದು, ಯಂತ್ರವನ್ನು ಬಿಚ್ಚಿ ಜೋಡಿಸಿ ತಾನಾಗಿ ಕಲಿತ ಹುಡುಗನೊಬ್ಬನನ್ನು ಮನಸ್ಸಿನಲ್ಲಿಟ್ಟುಕೊಂಡಿದ್ದರು. ಆ ಹುಡುಗನ ಹಿಂದೆ ಇದ್ದ ಮನೆ, ಪುಸ್ತಕ, ಹೆತ್ತವರು ಆ ನೆನಪಿನಲ್ಲಿ ಮಾಸಿಹೋಗಿದ್ದವು. ದಾನಮಾಡುವವನು ಎಷ್ಟೋ ವೇಳೆ ತನ್ನ ಬಾಲ್ಯಕ್ಕೇ ದಾನಮಾಡುತ್ತಾನೆ.

ಇದನ್ನು ನಾನು ಅನುಭವದಿಂದ ಹೇಳುತ್ತಿದ್ದೇನೆ. ಹಲವು ವರ್ಷಗಳ ಹಿಂದೆ, ಕರ್ನಾಟಕದ ಒಂದು ಶಾಖೆಯಲ್ಲಿ ಇದ್ದಾಗ, ಬ್ಯಾಂಕಿನ ಪರವಾಗಿ ಹಳ್ಳಿಯ ಶಾಲೆಯೊಂದಕ್ಕೆ ಹತ್ತು ಗಣಕಯಂತ್ರಗಳನ್ನು ಕೊಡಿಸಿದೆನು. ಮಾಲೆ, ಭಾಷಣ, ಛಾಯಾಚಿತ್ರ ಎಲ್ಲವೂ ಆಯಿತು. ಮೇಲಿನ ಕಚೇರಿಗೆ ಕಳುಹಿಸಿದ ವರದಿಯಲ್ಲಿ ‘ಫಲಾನುಭವಿಗಳು’ ಎಂಬ ಕಲಮಿನ ಎದುರು ಶಾಲೆಯ ಹಾಜರಿಪುಸ್ತಕದ ಒಟ್ಟು ಸಂಖ್ಯೆಯನ್ನು ಬರೆದು ಸಹಿ ಮಾಡಿದೆನು. ಎರಡು ವರ್ಷಗಳ ಬಳಿಕ ಸಾಲದ ತಪಾಸಣೆಗೆಂದು ಆ ಊರಿಗೆ ಹೋದಾಗ ಶಾಲೆಯನ್ನು ಹೊಕ್ಕೆನು. ಕೊಠಡಿಗೆ ಬೀಗವಿತ್ತು. ಕಿಟಕಿಯಿಂದ ನೋಡಿದರೆ ಹತ್ತು ಯಂತ್ರಗಳೂ ಬಟ್ಟೆ ಹೊದ್ದು ಕುಳಿತಿದ್ದವು. ಬಟ್ಟೆಯ ಮೇಲೆ ಆಯುಧಪೂಜೆಯ ಅರಸಿನ ಕುಂಕುಮ ಒಣಗಿತ್ತು. ನನ್ನ ಬೆನ್ನ ಹಿಂದೆ ಮಕ್ಕಳು ನಿಂತು ತಾವೂ ಇಣುಕಲು ಯತ್ನಿಸುತ್ತಿದ್ದರು. ಮುಖ್ಯೋಪಾಧ್ಯಾಯರನ್ನು ದೂರಲು ಮನಸ್ಸಾಗಲಿಲ್ಲ. ಕಲಿಸುವವರು ಯಾರು, ವಿದ್ಯುತ್ತಿನ ಬಿಲ್ಲನ್ನು ಕಟ್ಟುವವರು ಯಾರು, ಯಂತ್ರದೊಳಗೆ ಕನ್ನಡದಲ್ಲಿ ಏನಿದೆ ಎಂಬ ಮೂರು ಪ್ರಶ್ನೆಗಳನ್ನು ಕೊಡುವ ಮುನ್ನ ನಾನೇ ಕೇಳಿರಲಿಲ್ಲ. ಆದುದರಿಂದ ಅಬುಜದ ಅಥವಾ ವೊಂಚಿಯ ವೃತ್ತಾಂತವನ್ನು ದೂರದವರ ಅವಿವೇಕವೆಂದು ಓದಲು ನನಗೆ ಸಾಧ್ಯವಾಗಿಲ್ಲ.

೮

ಯುನೆಸ್ಕೊ ಸಂಸ್ಥೆ ೨೦೨೩ರಲ್ಲಿ ಪ್ರಕಟಿಸಿದ ಜಾಗತಿಕ ಶಿಕ್ಷಣ ವರದಿಯು ತಂತ್ರಜ್ಞಾನವನ್ನೇ ವಿಷಯವಾಗಿ ತೆಗೆದುಕೊಂಡು, ಈ ಉಪಕರಣ ಯಾರ ಷರತ್ತುಗಳ ಮೇಲೆ ಬರುತ್ತಿದೆ ಎಂಬ ಪ್ರಶ್ನೆಯನ್ನು ತನ್ನ ಶೀರ್ಷಿಕೆಯಲ್ಲೇ ಇರಿಸಿತು. ನಲವತ್ತು ವರ್ಷಗಳ ಚರಿತ್ರೆಯನ್ನು ಅವಲೋಕಿಸಿದಾಗ ಈ ಪ್ರಶ್ನೆಯೇ ಸರಿಯಾದುದೆಂದು ತೋರುತ್ತದೆ. ಡಕಾರಿನಲ್ಲಿ ಷರತ್ತು ಪ್ಯಾರಿಸ್ಸಿನದಾಗಿತ್ತು. ಟ್ಯೂನಿಸ್ಸಿನಲ್ಲಿ ಬಾಸ್ಟನ್ನಿನ ಕಡೆಯದಾಗಿತ್ತು. ಟಾಂಗಾದಲ್ಲಿ ಹಣ ಹೊರಗಿನದಾದರೂ ಭಾಷೆಯ ಷರತ್ತು ಆ ನೆಲದ್ದು. ಮಲಾವಿಯಲ್ಲಿ ಸರಕಾರವೇ ಹೊಣೆಯನ್ನು ಹೊತ್ತಿದೆ. ಹೊರಗಿನ ದಾನದಿಂದ ನೆಲದ ಹೊಣೆಗೆ ಕೆಲಸ ಮೆಲ್ಲಗೆ ಸರಿಯುತ್ತಿದೆಯೆಂಬುದು ಈ ವೃತ್ತಾಂತದಲ್ಲಿ ಭರವಸೆಯನ್ನು ಹುಟ್ಟಿಸುವ ಅಂಶ. ದಾನಿಯ ಉತ್ಸಾಹ ಇಳಿದ ಮೇಲೂ ಹೊಣೆ ಉಳಿಯುವುದೇ ಎಂಬುದನ್ನು ಕಾಲವೇ ಹೇಳಬೇಕು.

ಹೊರನಾಡಿನ ಕನ್ನಡ ಸಂಘಗಳು ಊರಿನ ಶಾಲೆಗಳಿಗೆ ನೆರವಾಗಬೇಕೆಂಬ ಅಭಿಲಾಷೆಯನ್ನು ಇಟ್ಟುಕೊಂಡಿರುವುದು ಸಹಜವೂ ಸ್ತುತ್ಯವೂ ಆಗಿದೆ. ಅಂತಹ ನೆರವನ್ನು ಯೋಚಿಸುವಾಗ ಆಫ್ರಿಕದ ಈ ಅನುಭವವನ್ನು ಪರಿಶೀಲಿಸುವುದು ಉಚಿತವೆಂದು ತೋರಿದ್ದರಿಂದ ಇಷ್ಟನ್ನು ಬರೆದೆನು. ನನ್ನ ಆ ಹಳೆಯ ವರದಿಯನ್ನು ಇಂದು ಮತ್ತೆ ಬರೆಯಬೇಕಾಗಿ ಬಂದರೆ, ‘ಫಲಾನುಭವಿಗಳು’ ಎಂಬ ಕಲಮಿನ ಪಕ್ಕದಲ್ಲಿ ಇನ್ನೆರಡು ಕಲಮುಗಳನ್ನು ಎಳೆಯುತ್ತೇನೆ: ಕಲಿಸುವವರ ಹೆಸರು, ಮತ್ತು ಬೀಗದ ಕೈ ಯಾರ ಬಳಿ ಇದೆಯೆಂಬುದು.